ಅಣಕು ಬಡತನದ ಪಾಠ

ಶಾಲೆಗಳಲ್ಲಿ ಅಣಕು ಸಂಸತ್ತು ನಡೆಸುವ ಪದ್ಧತಿಯನ್ನು ನಾವೆಲ್ಲ ಬಲ್ಲೆವು. ಒಬ್ಬ ಹುಡುಗ ಸಭಾಪತಿ, ಒಬ್ಬ ಹುಡುಗಿ ಅರ್ಥಮಂತ್ರಿ. ಒಂದು ಗಂಟೆಯ ಗದ್ದಲದಲ್ಲಿ ಪುಸ್ತಕದ ಹತ್ತು ಪುಟ ಹೇಳಲಾರದ್ದನ್ನು ಮಕ್ಕಳು ಕಲಿತುಬಿಡುತ್ತಾರೆ. ಪಶ್ಚಿಮ ದೇಶಗಳ ಶಾಲೆಗಳಲ್ಲಿ ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಜಗತ್ತಿನ ಬಡತನವನ್ನೂ ಹೀಗೆಯೇ ಆಡಿಸಿ ತೋರಿಸುವ ಕ್ರಮ ಬೆಳೆದಿದೆ. ಅದನ್ನು ಅಣಕು ಬಡತನವೆನ್ನೋಣ. ನಾಳೆ ನಮ್ಮ ಮಹಾನಗರಗಳ ಶಾಲೆಗಳೂ ಇದನ್ನು ಕೈಗೆತ್ತಿಕೊಂಡರೆ ಆಶ್ಚರ್ಯವಿಲ್ಲ. ಆದುದರಿಂದ ಇದರ ಗುಣದೋಷಗಳನ್ನು ಈಗಲೇ ತೂಗಿ ನೋಡುವುದು ಲೇಸು.

ಉದ್ದೇಶವನ್ನು ನಾವು ಹಳಿಯಲಾರೆವು. ವಿಶ್ವ ಬ್ಯಾಂಕು 2025ರ ಜೂನ್ ತಿಂಗಳಲ್ಲಿ ಕಡುಬಡತನದ ರೇಖೆಯನ್ನು ದಿನಕ್ಕೆ 2.15 ಡಾಲರಿನಿಂದ 3 ಡಾಲರಿಗೆ ಏರಿಸಿತು. ಆ ರೇಖೆಯ ಕೆಳಗೆ ಸುಮಾರು 80 ಕೋಟಿ ಜನರಿದ್ದಾರೆಂದು ಅದರ ಅಂದಾಜು. ಈ ಅಂಕಿಗಳು ಏಳನೆಯ ತರಗತಿಯ ಹುಡುಗನಿಗೆ ಏನು ಹೇಳಿಯಾವು? ಪರೀಕ್ಷೆಯಲ್ಲಿ ಬರೆದು ಮರೆಯುತ್ತಾನೆ. ಅನುಭವದ ಮೂಲಕ ಕಲಿಸಬೇಕೆಂಬ ಮಾತು ಸರಿಯಾದುದೇ. ಯಾವ ಅನುಭವ ಎಂಬುದೇ ನಮ್ಮ ಪ್ರಶ್ನೆ.

ಮೊದಲನೆಯದಾಗಿ, ಅಮೆರಿಕದ ಆಕ್ಸ್‌ಫ್ಯಾಮ್ ಸಂಸ್ಥೆ ಪ್ರಚಾರಕ್ಕೆ ತಂದ 'ಹಸಿವಿನ ಔತಣ'ವನ್ನು ನೋಡೋಣ. ಬಂದವರು ಬಾಗಿಲಲ್ಲಿ ಚೀಟಿ ಎತ್ತಬೇಕು. ಕೆಲವರಿಗೆ ಮೇಜಿನ ಮೇಲೆ ಪೂರ್ಣ ಭೋಜನ. ಮತ್ತೆ ಕೆಲವರಿಗೆ ಅನ್ನ, ಕಾಳು. ಉಳಿದ ಬಹುಮಂದಿ ನೆಲದ ಮೇಲೆ ಕುಳಿತು ತುಸು ಅನ್ನ ತಿಂದು ನೀರು ಕುಡಿಯಬೇಕು. ಹುಟ್ಟು ನಮ್ಮ ಕೈಯಲ್ಲಿಲ್ಲವೆಂಬುದನ್ನು ಚೀಟಿ ಚೆನ್ನಾಗಿ ಕಲಿಸುತ್ತದೆ. ಆದರೆ ನೆಲದ ಮೇಲೆ ಕುಳಿತು ಅನ್ನ ಉಣ್ಣುವುದೇ ದಾರಿದ್ರ್ಯದ ಗುರುತಾದರೆ ಉಡುಪಿ ಮಠದ ಪಂಕ್ತಿಯಲ್ಲಿ ಕುಳಿತವರೆಲ್ಲ ಯಾರು? ಪರರ ಬದುಕಿನ ರೀತಿಯನ್ನೂ ಪರರ ಕೊರತೆಯನ್ನೂ ಈ ಔತಣ ಒಂದೇ ತಟ್ಟೆಯಲ್ಲಿ ಬಡಿಸುತ್ತದೆ. ಮೇಲಾಗಿ, ಚೀಟಿಯೇ ಎಲ್ಲವನ್ನೂ ನಿರ್ಧರಿಸುವುದಾದರೆ ಬಡತನ ಬರಿಯ ದುರದೃಷ್ಟವಾಗಿಬಿಡುತ್ತದೆ. ಅದರಲ್ಲಿ ಯಾರ ಕೈವಾಡವೂ ಕಾಣುವುದಿಲ್ಲ.

ಎರಡನೆಯದು ಇದಕ್ಕೆ ತದ್ವಿರುದ್ಧ. 2011ರಲ್ಲಿ ಅಮೆರಿಕದ ಡರ್ಹಮ್ ನಗರದ ಒಂದು ಸೇವಾಸಂಸ್ಥೆಗಾಗಿ ರಚಿತವಾದ 'ಸ್ಪೆಂಟ್' ಎಂಬ ಕಂಪ್ಯೂಟರ್ ಆಟದಲ್ಲಿ ಆಡುವವನು ಕೆಲಸ ಕಳೆದುಕೊಂಡಿದ್ದಾನೆ. ಉಳಿದಿರುವ 1000 ಡಾಲರಿನಲ್ಲಿ ತಿಂಗಳು ನೂಕಬೇಕು. ಹೆಜ್ಜೆ ಹೆಜ್ಜೆಗೂ ಆಯ್ಕೆ. ಯೇಲ್ ವಿಶ್ವವಿದ್ಯಾಲಯದ ಜೀನಾ ರೂಸೋಸ್ ಮತ್ತು ಜಾನ್ ಡೊವಿಡಿಯೊ ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ತೆರೆಸುವಂತಹದು. ಆಟದಿಂದ ಬಡವರ ಬಗೆಗಿನ ಭಾವನೆ ಉತ್ತಮಗೊಳ್ಳಲಿಲ್ಲ. ಕೆಲವರಲ್ಲಿ ಇನ್ನಷ್ಟು ಕೆಟ್ಟಿತು. ಕೈಗೆ ಆಯ್ಕೆ ಬಂದೊಡನೆ ಬಡತನವೂ ಜಾಣತನದಿಂದ ಗೆಲ್ಲಬಹುದಾದ ಸಂಗತಿಯೆಂದು ತೋರುತ್ತದೆ. 'ನಾನು ಗೆದ್ದೆ, ಅವನೇಕೆ ಸೋತ?' ಆ ಪರೀಕ್ಷೆಗೆ ಒಳಪಟ್ಟವರು ಮಕ್ಕಳಲ್ಲ, ನಿಜ. ಆದರೆ ಗೆಲುವಿನ ಚಪಲ ಮಕ್ಕಳಲ್ಲಿ ದೊಡ್ಡವರಿಗಿಂತ ಕಡಿಮೆಯೆಂದು ಯಾರೂ ಹೇಳಲಾರರು.

ಮೂರನೆಯದು ಬ್ರಿಟನ್ನಿನ ಕ್ರಿಶ್ಚಿಯನ್ ಏಡ್ ಸಂಸ್ಥೆಯ 'ಕಾಗದದ ಚೀಲದ ಆಟ'. ಮಕ್ಕಳು ಕೋಲ್ಕತ್ತದ ಬಡ ಕುಟುಂಬಗಳಾಗಿ ಗುಂಪುಗೂಡಿ ಹಳೆಯ ವೃತ್ತಪತ್ರಿಕೆಗಳಿಂದ ಚೀಲ ಅಂಟಿಸುತ್ತಾರೆ. ಅಂಗಡಿಯವನು ಕೊಳ್ಳುತ್ತಾನೆ; ಸರಿಯಿಲ್ಲದ್ದನ್ನು ಎಸೆಯುತ್ತಾನೆ; ಬಂದ ಹಣದಲ್ಲಿ ಊಟ, ಬಾಡಿಗೆ ಎಲ್ಲ ಆಗಬೇಕು. ಇಲ್ಲಿಯೂ ದೋಷವುಂಟು. 1857ರಲ್ಲೇ ವಿಶ್ವವಿದ್ಯಾಲಯ ಕಂಡ ನಗರವು ದೂರದ ಮಗುವಿನ ಮನಸ್ಸಿನಲ್ಲಿ ಬರಿಯ ಚೀಲದ ನಗರವಾಗಿ ಉಳಿದೀತು. ಆದರೂ ಮೂರರಲ್ಲಿ ಇದೇ ಮೇಲೆಂದು ನಮ್ಮ ಅಭಿಪ್ರಾಯ. ಏಕೆಂದರೆ ಇಲ್ಲಿ ಮಗು ದುಡಿಯುತ್ತದೆ, ಬೆವರುತ್ತದೆ, ಮತ್ತು ಬೆಲೆ ಕಟ್ಟುವ ಕೈಯನ್ನು ಎದುರಿಗೇ ಕಾಣುತ್ತದೆ. ಎಷ್ಟು ಚುರುಕಾಗಿ ಅಂಟಿಸಿದರೂ ಹೊಟ್ಟೆ ತುಂಬದಿದ್ದಾಗ ಅದು ಕೇಳುವ ಪ್ರಶ್ನೆ ಬೇರೆ: 'ಈ ದರ ನಿಶ್ಚಯಿಸಿದವರು ಯಾರು?' ಕನಿಕರ ಮುಗಿದು ಕಲಿಕೆ ಆರಂಭವಾಗುವುದು ಅಲ್ಲಿ. ಮಕ್ಕಳು ಒಟ್ಟಾಗಿ ಹೆಚ್ಚಿನ ಬೆಲೆ ಕೇಳಲು ಹೊರಟರೆ ಉಪಾಧ್ಯಾಯರು ದಯವಿಟ್ಟು ತಡೆಯಬಾರದು. ಪಾಠದ ಸಾರವೇ ಅದು.

ಈ ಆಟಗಳಲ್ಲಿ ನಮಗೆ ಕಾಣುವ ದೊಡ್ಡ ಕೊರತೆಯೂ ಇದೇ. ಬಡವನು ಇಲ್ಲಿ ಹಸಿಯುತ್ತಾನೆ, ಸೋಲುತ್ತಾನೆ, ಒಮ್ಮೊಮ್ಮೆ ಗೆಲ್ಲುತ್ತಾನೆ. ಆದರೆ ಏನನ್ನೂ ಕಟ್ಟುವುದಿಲ್ಲ. ವಾಸ್ತವ ಹಾಗಿಲ್ಲವೆಂಬುದಕ್ಕೆ ನಾವು ಮುಂಬಯಿಯಿಂದಾಚೆ ಹೋಗಬೇಕಾಗಿಲ್ಲ. ಕರಾವಳಿಯಿಂದ ಬಂದ ಹನ್ನೆರಡು ಹದಿಮೂರರ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತರು. ಆ ಶಾಲೆಗಳನ್ನು ನಡೆಸಿದ್ದು ಊರುಬಿಟ್ಟು ಬಂದವರು ಕೂಡಿ ಕಟ್ಟಿಕೊಂಡ ಸಂಘಗಳು. ಇನ್ನು ಹದಿನಾಲ್ಕರೊಳಗಿನವರನ್ನು ಹೋಟೆಲ್ ಕೆಲಸಕ್ಕೆ ಹಚ್ಚುವುದು ನಿಷಿದ್ಧವಾದದ್ದು 2006ರಲ್ಲಿ, ಸರಕಾರದ ಆಜ್ಞೆಯಿಂದ. ಸಂಘಟನೆ, ಶಾಲೆ, ಕಾನೂನು: ಬಡತನದ ಕಥೆಯ ಈ ಮುಖ್ಯ ಪಾತ್ರಗಳಿಗೆ ಅಣಕು ಬಡತನದಲ್ಲಿ ಸ್ಥಾನವಿಲ್ಲ.

ಆ ಹುಡುಗರಲ್ಲಿ ಅನೇಕರು ಇಂದು ನಮ್ಮ ಮನೆಗಳ ಅಜ್ಜಂದಿರು. ಮೊಮ್ಮಕ್ಕಳು ಕೇಳಿದರೆ ಕೆಲವರು ಹೇಳಲು ನಾಚುತ್ತಾರೆ. ಇನ್ನು ಕೆಲವರನ್ನು ಯಾರೂ ಕೇಳುವುದೇ ಇಲ್ಲ. ಶಾಲೆಗಳು ಚೀಲದ ಆಟವನ್ನು ಅವಶ್ಯ ಆಡಿಸಲಿ. ಆಟ ಮುಗಿದ ಮೇಲೆ ಅಂತಹ ಹಿರಿಯರೊಬ್ಬರನ್ನು ತರಗತಿಗೆ ಕರೆದು ಕೂರಿಸಲಿ. ಆಗ ಸಿಗುತ್ತಿದ್ದ ಸಂಬಳವೆಷ್ಟು, ಅದನ್ನು ಗೊತ್ತುಮಾಡಿದವರಾರು, ರಾತ್ರಿಶಾಲೆಯ ದಾರಿ ತೋರಿದವರಾರು ಎಂದು ಮಕ್ಕಳೇ ಕೇಳಲಿ. ಆ ಹಿರಿಯರು ನಮ್ಮ ನಡುವೆ ಇನ್ನು ಬಹಳ ವರ್ಷ ಇರುವುದಿಲ್ಲ.