ಊರಿಗೆ ಹೋಗಿ ಕಾಗದ ಹಾಕ್ತೀವಿ

ನಮ್ಮ ಕಾಲದ ಹೆಣ್ಣುಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಹುಡುಗಿಯ ಕೈಲಿ ಒಂದು ದೇವರನಾಮ ಹಾಡಿಸಿ, ಹೊಸ್ತಿಲು ದಾಟುವಾಗ ಹೇಳುತ್ತಿದ್ದ ಮಾತು ಅದು. ಕಾಗದ ಬಂದರೆ ಪುಣ್ಯ. ಬಾರದಿದ್ದರೆ ಹುಡುಗಿ ಒಪ್ಪಿಗೆಯಾಗಲಿಲ್ಲವೆಂದು ನಾವೇ ತಿಳಿದುಕೊಳ್ಳಬೇಕು. ಯಾಕೆ ಎಂದು ಮಾತ್ರ ಕೇಳುವಂತಿಲ್ಲ.

ಚಾಮರಾಜಪೇಟೆಯ ನಮ್ಮ ಮನೆಗೆ 1976ರಲ್ಲಿ ಹಾಗೆ ಬಂದು ಹೋದವರು ಕಾಗದ ಹಾಕಲಿಲ್ಲ. ನನ್ನ ತಂಗಿ ಕನ್ನಡಿಯ ಮುಂದೆ ನಿಂತು ತಾನೇ ಕಾರಣ ಹುಡುಕಿದಳು. ಮುಂದಿನ ಹಲ್ಲು ಕೊಂಚ ಉಬ್ಬು, ಅದೇ ಇರಬೇಕು ಎಂದು ತೀರ್ಮಾನಿಸಿದಳು. ಅಂದಿನಿಂದ ನಗುವಾಗ ಬಾಯಿಗೆ ಕೈ ಅಡ್ಡ. ವರ್ಷಗಳ ಮೇಲೆ ಯಾವುದೋ ಮದುವೆ ಮನೆಯಲ್ಲಿ ನಿಜ ಗೊತ್ತಾಯಿತು. ಅವರಿಗೆ ಕೆಲಸದಲ್ಲಿರುವ ಹುಡುಗಿ ಬೇಕಿತ್ತಂತೆ. ಹಲ್ಲನ್ನು ಯಾರೂ ಗಮನಿಸಿಯೇ ಇರಲಿಲ್ಲ!

ಇದೆಲ್ಲ ಮತ್ತೆ ನೆನಪಾದದ್ದು 2021ರಲ್ಲಿ, ಅದೇ ತಂಗಿಯ ಮಗಳಿಂದ. ಮಗುವಿಗೋಸ್ಕರ ಐದು ವರ್ಷ ಕೆಲಸ ಬಿಟ್ಟಿದ್ದವಳು, ಮತ್ತೆ ಸೇರಬೇಕೆಂದು ಮಲ್ಲೇಶ್ವರದ ಮನೆಯಲ್ಲಿ ಕೂತು ಪೈಥಾನ್ ಕಲಿಯುತ್ತಿದ್ದಳು. ಹೆಸರು ಹಾವಿನದಾದರೂ ಅದು ಕಂಪ್ಯೂಟರಿನ ಭಾಷೆ. ತಿಳಿಯದ್ದನ್ನು ಕೇಳುವುದಕ್ಕೆ ಸ್ಟಾಕ್ ಓವರ್‌ಫ್ಲೋ ಎಂಬ ತಾಣವಿದೆ, 2008ರಲ್ಲಿ ಶುರುವಾದದ್ದು. ಪ್ರಶ್ನೆ ಹಿಡಿಸಿದರೆ ಓದಿದವರು ಮೇಲ್ಮುಖದ ಬಾಣ ಒತ್ತುತ್ತಾರೆ, ಹಿಡಿಸದಿದ್ದರೆ ಕೆಳಮುಖದ್ದು. ಇವಳ ಪ್ರಶ್ನೆಗೆ ಅರ್ಧ ಗಂಟೆಯಲ್ಲಿ ಮೈನಸ್ ಮೂರು.

"ಯಾಕಂತೆ?" ಎಂದೆ.

"ಹೇಳಲ್ಲ ದೊಡ್ಡಮ್ಮ. ಒತ್ತಿ ಹೋಗ್ತಾರೆ ಅಷ್ಟೆ."

"ಯಾರು?"

"ಅದೂ ಗೊತ್ತಾಗಲ್ಲ."

ಕಾಫಿ ಲೋಟ ಹಾಗೇ ಆರುತ್ತಿತ್ತು. "ನಂಗೆ ಇದೆಲ್ಲ ಇನ್ನು ಆಗಲ್ಲ ಬಿಡಿ, ಮರೆತೇ ಹೋಗಿದೆ," ಎಂದಳು. ನನಗೆ ಅವಳ ಅಮ್ಮನ ಹಲ್ಲು ಕಣ್ಣಿಗೆ ಕಟ್ಟಿತು.

ಅವಳು ಕೇಳಿದ್ದು ಇಷ್ಟೇ. ಪ್ರೋಗ್ರಾಮಿನಲ್ಲಿ ಒಂದು ಡಬ್ಬ ಇಟ್ಟಿದ್ದಾಳೆ. ಪ್ರತಿ ಸಲವೂ ಖಾಲಿ ಡಬ್ಬ ಸಿಗುತ್ತದೆಂದು ಅವಳ ನಂಬಿಕೆ. ತೆಗೆದು ನೋಡಿದರೆ ಹಿಂದಿನ ಸಲದ ಸಾಮಾನೆಲ್ಲ ಅದರಲ್ಲೇ ಕೂತಿದೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕೇಳಿದ್ದು. ಹಳೆಯ ಸಹೋದ್ಯೋಗಿಯೊಬ್ಬಳು ಫೋನಿನಲ್ಲಿ ನಕ್ಕುಬಿಟ್ಟಳಂತೆ. ಪೈಥಾನ್ ಕಲಿಯುವವರೆಲ್ಲ ಎಡವುವ ಜಾಗವೇ ಅದು, ಬೇಕಾದಷ್ಟು ಜನ ಕೇಳಿ ಉತ್ತರವೂ ಸಿಕ್ಕಾಗಿದೆ. ಮ್ಯೂಟಬಲ್ ಡಿಫಾಲ್ಟ್ ಆರ್ಗ್ಯುಮೆಂಟ್ ಎಂದು ಅದಕ್ಕೊಂದು ಹೆಸರೂ ಉಂಟು. ಹುಡುಕದೆ ಕೇಳಿದಳು ಎಂಬುದೇ ಮೈನಸ್ಸಿಗೆ ಕಾರಣವಿದ್ದೀತು.

"ಹೆಸರು ಗೊತ್ತಿದ್ರೆ ಹುಡುಕ್ತಿದ್ದೆ ದೊಡ್ಡಮ್ಮ. ಗೊತ್ತಿಲ್ಲ ಅಂತಾನೇ ಅಲ್ವಾ ಕೇಳಿದ್ದು?"

ನನ್ನ ತಕರಾರೂ ಇಷ್ಟೇ. ತಪ್ಪನ್ನು ತಪ್ಪೆನ್ನಬಾರದೆಂದಲ್ಲ. ಬುಲ್ ಟೆಂಪಲ್ ರಸ್ತೆಯ ಕಡಲೆಕಾಯಿ ಪರಿಷೆಯಲ್ಲಿ ನಮ್ಮತ್ತೆ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು, "ಜೊಳ್ಳು ಜಾಸ್ತಿ ಕಣಪ್ಪ" ಎಂದು ಮುಂದೆ ಹೋಗುತ್ತಿದ್ದರು. ಮಾರುವವನಿಗೆ ಕೋಪ ಬರುತ್ತಿತ್ತೇನೋ, ಆದರೆ ಯಾವುದನ್ನು ಆರಿಸಿ ತೆಗೆಯಬೇಕೆಂದು ತಿಳಿಯುತ್ತಿತ್ತು. ಮೈನಸ್ ಮೂರರಿಂದ ಏನು ತಿಳಿಯಬೇಕು, ನೀವೇ ಹೇಳಿ?

ಒತ್ತುವವರ ಪರವಾಗಿಯೂ ಮಾತಿದೆ. ಅಲ್ಲಿ ಉತ್ತರ ಕೊಡುವವರು ಸಂಬಳವಿಲ್ಲದೆ ದುಡಿಯುವವರು. ಕಾರಣ ಬರೆದರೆ ಕೇಳಿದವರು ಜಗಳಕ್ಕೆ ನಿಲ್ಲುತ್ತಾರೆ, ಕಾರಣ ಕಡ್ಡಾಯ ಮಾಡಿದರೆ ಜನ ಏನಾದರೊಂದು ಗೀಚಿ ಹೋಗುತ್ತಾರೆ ಎನ್ನುತ್ತಾರೆ. ಸುಳ್ಳಲ್ಲ. ನಮ್ಮಲ್ಲೂ "ಜಾತಕ ಕೂಡಲಿಲ್ಲ" ಎನ್ನುವುದು ಅಂಥದೇ ಗೀಚು ತಾನೆ? ಆದರೆ ಅಲ್ಲಿನ ಲೆಕ್ಕಾಚಾರ ನೋಡಿ. ಒಬ್ಬರ ಉತ್ತರಕ್ಕೆ ಮೈನಸ್ ಕೊಟ್ಟರೆ ಕೊಟ್ಟವರದೂ 1 ಅಂಕ ಹೋಗುತ್ತದೆ. ಪ್ರಶ್ನೆಗೆ ಕೊಟ್ಟರೆ ಕೇಳಿದವರಿಗೆ 2 ಅಂಕ ನಷ್ಟ, ಕೊಟ್ಟವರಿಗೆ ಏನೂ ಇಲ್ಲ. ತಿಳಿದವರನ್ನು ಅಲ್ಲಗಳೆಯಲು ಬೆಲೆ ತೆರಬೇಕು, ಕಲಿಯುವವರನ್ನು ಅಲ್ಲಗಳೆಯುವುದು ಬಿಟ್ಟಿ. (ನಮ್ಮ ಹುಡುಗಿಗೆ ಇದ್ದದ್ದೇ 1 ಅಂಕ. ಅದಕ್ಕಿಂತ ಕೆಳಗೆ ಇಳಿಸುವುದಿಲ್ಲವಂತೆ, ಅಷ್ಟು ದಯೆ.) ಹೊಸಬರಿಗೂ ಹೆಂಗಸರಿಗೂ ತಮ್ಮ ಜಾಗ ಒರಟಾಗಿ ಕಾಣುತ್ತಿದೆಯೆಂದು 2018ರಲ್ಲಿ ಆ ಕಂಪನಿಯವರೇ ಬರೆದು ಒಪ್ಪಿಕೊಂಡರು.

ಇಷ್ಟು ಹೇಳಿದವಳು ನನ್ನದನ್ನೂ ಹೇಳಬೇಕು. ಬಸವನಗುಡಿಯ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದವಳು ನಾನು. ರಾತ್ರಿ ಅಡುಗೆಮನೆ ಒರೆಸಿ ಅರವತ್ತು ಪುಸ್ತಕ ತಿದ್ದಲು ಕೂತರೆ, ಕೆಂಪು ಇಂಟು ಹಾಕಿ ಹಾಳೆ ಮಗುಚುವುದೇ. ಒಬ್ಬ ಹುಡುಗಿಗೆ ಬೀಜಗಣಿತದಲ್ಲಿ ವರ್ಷವಿಡೀ ಇಂಟು. ಆಮೇಲಾಮೇಲೆ ಅವಳು ಆ ಲೆಕ್ಕಗಳನ್ನು ಮಾಡುವುದನ್ನೇ ಬಿಟ್ಟಳು. ಸೋಮಾರಿ ಎಂದುಕೊಂಡೆ. ಪರೀಕ್ಷೆಗೆ ಹದಿನೈದು ದಿನವಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರೆ, ಮೈನಸ್ ಇದ್ದ ಬ್ರಾಕೆಟ್ ಬಿಡಿಸುವಾಗ ಮೊದಲಿನದಕ್ಕೆ ಮಾತ್ರ ಚಿಹ್ನೆ ಬದಲಿಸುತ್ತಿದ್ದಳು. ಎಲ್ಲ ಕಡೆಯೂ ಅದೊಂದೇ ತಪ್ಪು! ಜೂನ್ ತಿಂಗಳಲ್ಲೇ ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಬರೆಯಲಿಲ್ಲ. ಸುಸ್ತು ನಿಜ, ಆದರೆ ಕಾರಣ ಹೇಳುವುದು ನನ್ನ ಕೆಲಸವೆಂದು ಹೊಳೆದೇ ಇರಲಿಲ್ಲ ಎಂಬುದು ಅದಕ್ಕಿಂತ ನಿಜ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಆ ತಾಣದಲ್ಲಿ ಕೇಳುವವರು ಬಹಳ ಕಡಿಮೆಯಾಗಿದ್ದಾರೆ. ಯಂತ್ರ ಮುಖ ಸಿಂಡರಿಸುವುದಿಲ್ಲವಲ್ಲ. ತಪ್ಪು ಹೇಳುವಾಗಲೂ ನಯವಾಗಿಯೇ ಹೇಳುತ್ತದಂತೆ.

ನಮ್ಮ ಹುಡುಗಿ ಆ ವರ್ಷವೇ ಇನ್ನೊಂದು ಪ್ರಶ್ನೆ ಹಾಕಿದಳು. ಈ ಸಲ ಇನ್ನೂರು ಸಾಲಿನ ಪ್ರೋಗ್ರಾಮನ್ನು ತೊಂದರೆ ಕಾಣುವ ಎಂಟು ಸಾಲಿಗೆ ಇಳಿಸಿ, ಏನೇನು ಮಾಡಿ ನೋಡಿದೆ ಎಂಬುದನ್ನೂ ಬರೆದಳು. ಆಗಲೂ ಒಂದು ಮೈನಸ್ ಬಂತು. ಅಮ್ಮ ಅಡುಗೆಮನೆಯಿಂದ, "ಬಿಟ್ಟುಬಿಡೇ, ಯಾಕೆ ಬೇಕು?" ಎಂದಳು. ಇವಳು ಬಿಡದೆ ಪ್ರಶ್ನೆಯ ಕೆಳಗೆ, ಇದರಲ್ಲಿ ಏನು ಕೊರತೆ, ತಿದ್ದುತ್ತೇನೆ ಎಂದು ಬರೆದಳು. ಯಾರೋ ಪುಣ್ಯಾತ್ಮರು, ಕಂಪ್ಯೂಟರ್ ತೋರಿಸಿದ ತಪ್ಪಿನ ಸಂದೇಶವನ್ನೇ ಹಾಕಿಲ್ಲವಲ್ಲ ಎಂದರು. ಹಾಕಿದಳು. ಮಗುವಿಗೆ ಊಟ ಮಾಡಿಸಿ ಬರುವಷ್ಟರಲ್ಲಿ ಉತ್ತರ ಬಂದಿತ್ತು. ಆ ಮೈನಸ್ ಮಾತ್ರ ಇವತ್ತಿಗೂ ಹಾಗೇ ಇದೆಯಂತೆ.