ಬುಗುಡಿ ಎಲ್ಲಿ ಹೋಯ್ತು?

ಇತ್ತೀಚಿನ ಪ್ರೀ-ವೆಡ್ಡಿಂಗ್ ಆಲ್ಬಮ್‌ಗಳನ್ನ ನೋಡ್ತಾ ಇದ್ರೆ ನನಗೊಂದು ಅನುಮಾನ: ನಮ್ಮ ಫೋಟೋಗ್ರಾಫರುಗಳಿಗೆ ಬಿಸಿಲು ಕಂಡ್ರೆ ಆಗೋದಿಲ್ವಾ? ಕಬ್ಬನ್ ಪಾರ್ಕ್ ಕಡೆ ಮಟಮಟ ಮಧ್ಯಾಹ್ನ, ಹಿಂದೆ ಕೆಂಪಗೆ ನಿಂತಿರುವ ಅಠಾರಾ ಕಚೇರಿ. ಆಲ್ಬಮ್ಮಿನಲ್ಲಿ ಮಾತ್ರ ಆ ಕಟ್ಟಡ ಟೊಮೆಟೊ ಸಾರು ಚೆಲ್ಲಿದ ಹಾಗೆ. ಹುಡುಗಿಯ ಒಂದು ಕಣ್ಣು ಸ್ಫುಟ, ಇನ್ನೊಂದು ಮಂಜು.

ಲೆನ್ಸ್ ತುಂಬಾ ಒಳ್ಳೇದು, ಅದೇ ತೊಂದರೆ. ಎಫ್/1.4 ಲೆನ್ಸಿಗೆ ಅಷ್ಟು ದುಡ್ಡು ಸುರಿದ ಮೇಲೆ ಎಫ್/8ರಲ್ಲಿ ತೆಗೆಯೋಕೆ ಯಾರಿಗೆ ಮನಸ್ಸು ಬರುತ್ತೆ?

ಬಿಸಿಲಿಗೊಂದು ಹಳೇ ಲೆಕ್ಕ ಇದೆ, 'ಸನ್ನಿ 16' ಅಂತ. ಫಿಲ್ಮ್ ಕಾಲದವರಿಗೆ ಅದು ಬಾಯಿಪಾಠ. ನಿಚ್ಚಳ ಬಿಸಿಲಲ್ಲಿ ಅಪರ್ಚರ್ ಎಫ್/16 ಇಟ್ಟು, ಐಎಸ್‌ಒ 100 ಇದ್ರೆ ಶಟರ್ ಸ್ಪೀಡ್ 1/100 ಸೆಕೆಂಡ್. ಅದನ್ನೇ ಎಫ್/8ಕ್ಕೆ ತಂದ್ರೆ 1/400. ಕೈ ಚೂರು ಅಲ್ಲಾಡಿದ್ರೂ ಚಿತ್ರ ಕದಡದಷ್ಟು ವೇಗ. ಎಫ್/1.4ಕ್ಕೆ ಹೋದ್ರೆ 1/12,800 ಬೇಕು. ಮೆಕ್ಯಾನಿಕಲ್ ಶಟರ್ ಸಾಮಾನ್ಯವಾಗಿ 1/8000ಕ್ಕೇ ಸುಸ್ತು. ಅದಕ್ಕೇ ಲೆನ್ಸಿನ ಮುಂದೆ ಕಪ್ಪು ಎನ್‌ಡಿ ಫಿಲ್ಟರ್ ಸಿಕ್ಕಿಸ್ತಾರೆ. ಪುಕ್ಕಟೆ ಸಿಕ್ಕ ಬೆಳಕನ್ನ ತಡೆಯೋಕೆ ದುಡ್ಡು ಕೊಟ್ಟು ತಂದ ಕೂಲಿಂಗ್ ಗ್ಲಾಸು!

ಇದರಲ್ಲಿ ಕಳೆದುಹೋಗೋದು ಏನು ಅಂತ ನೆಂಟರ ಮನೆಯ ಆಲ್ಬಮ್ಮೊಂದು ತೋರಿಸ್ತು. ವರನ ಅಜ್ಜಿ, ಎಂಬತ್ತು ದಾಟಿದವರು, ಛತ್ರದ ಹೊರಗೆ ಬಿಸಿಲಲ್ಲಿ ಕೂತಿದ್ದಾರೆ. ಅವರದ್ದು ಅಂತ ಇರೋದು ಅದೊಂದೇ ಚಿತ್ರ. 85 ಎಂಎಂ ಲೆನ್ಸನ್ನು ಎಫ್/1.4ರಲ್ಲಿ ಇಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದ್ರೆ ಸ್ಫುಟವಾಗಿ ಬರೋದು ಹೆಚ್ಚುಕಮ್ಮಿ ಒಂದು ಇಂಚು ಆಳ. ಇಲ್ಲಿ ಆ ಇಂಚು ರೆಪ್ಪೆಗೆ ಸಂದಿದೆ. ಕಿವಿಯ ಮೇಲ್ತುದಿಯ ಬುಗುಡಿ ಹಳದಿ ಚುಕ್ಕೆಯಾಗಿದೆ. ಅಜ್ಜಿಯ ಕಾಲದ ಬುಗುಡಿ ಸ್ವಾಮಿ, ಈಗ ಯಾರು ಹಾಕ್ತಾರೆ? ಎಫ್/8 ಇಟ್ಟಿದ್ರೆ ಅರ್ಧ ಅಡಿ ಸಿಗ್ತಿತ್ತು. ಮೂಗುತಿಯಿಂದ ಬುಗುಡಿವರೆಗೆ ಅಷ್ಟು ಸಾಕು.

ಸಾಲದ್ದಕ್ಕೆ ಅಜ್ಜಿಯ ಎಣ್ಣೆಗಪ್ಪು ಮುಖ ಗೋಧಿ ಬಣ್ಣಕ್ಕೆ ತಿರುಗಿದೆ, ಹಣೆಯ ಗೆರೆಗಳು ಬೆಳ್ಳಗೆ ಸುಟ್ಟುಹೋಗಿವೆ. ಬಿಸಿಲಲ್ಲಿ ಕ್ಯಾಮೆರಾ ಪರದೆ ಮಂಕಾಗಿ ಕಾಣುತ್ತೆ, ಕತ್ತಲಾಯ್ತು ಅಂತ ಎಕ್ಸ್‌ಪೋಷರ್ ಏರಿಸ್ತಾರೆ. ಹಿಸ್ಟೋಗ್ರಾಂ ನೋಡುವ ವ್ಯವಧಾನ ಇಲ್ಲ. ಆದ್ರೆ ಎಲ್ಲಾ ಆಲ್ಬಮ್ಮಿನಲ್ಲೂ ಕಪ್ಪು ಮುಖಗಳೇ ಹೀಗೆ ಬೆಳ್ಳಗಾಗೋದನ್ನ ಬರೀ ಪರದೆಯ ತಲೆಗೆ ಕಟ್ಟೋಕಾಗಲ್ಲ. ಸನ್ನಿ 16 ನನಗೆ ಇಷ್ಟವಾಗೋದು ಇಲ್ಲೇ. ಅದು ಅಳೆಯೋದು ಬಿಸಿಲನ್ನ, ಮುಖವನ್ನಲ್ಲ. ಕಪ್ಪು ಕಪ್ಪಾಗೇ, ಬಿಳಿ ಬಿಳಿಯಾಗೇ ಬರುತ್ತೆ.

ನಡುಮಧ್ಯಾಹ್ನ ಕಣ್ಣಗುಳಿಗಳಲ್ಲಿ ಕಪ್ಪು ನೆರಳು, ಕಿವುಚಿದ ಕಣ್ಣು, ಅದೂ ನಿಜ. ಹೊಂಗೆ ಮರದಡಿ ನಿಲ್ಲಿಸಿದ್ರೆ ಎಲೆ ಸಂದಿಯ ಬಿಸಿಲು ಮುಖಕ್ಕೆ ಚಿರತೆ ಚುಕ್ಕಿ ಇಡುತ್ತೆ. ಸೂರ್ಯನಿಗೆ ಬೆನ್ನು ಮಾಡಿಸಿ, ಎಫ್/11, 1/200, ಐಎಸ್‌ಒ 100 ಇಟ್ಟು ಮುಖಕ್ಕೆ ಹದವಾಗಿ ಫ್ಲ್ಯಾಶ್ ಕೊಡಿ. ಅಷ್ಟೆಲ್ಲ ಬೇಡ ಅಂದ್ರೆ ಎದುರಿಗೆ ಥರ್ಮಾಕೋಲ್ ಹಲಗೆ ಹಿಡಿದು ಎಕ್ಸ್‌ಪೋಷರನ್ನ ಮುಖಕ್ಕೆ ಹೊಂದಿಸಿ.

ಹಗಲಲ್ಲಿ ಫ್ಲ್ಯಾಶಾ ಅಂತ ನಗೋರು ಮಾರ್ಟಿನ್ ಪಾರ್ ಅವರ 'ದಿ ಲಾಸ್ಟ್ ರೆಸಾರ್ಟ್' ನೋಡಬೇಕು. 1986ರಲ್ಲಿ ಬಂದ ಪುಸ್ತಕ. ಇಂಗ್ಲೆಂಡಿನ ನ್ಯೂ ಬ್ರೈಟನ್ ಕಡಲತೀರಕ್ಕೆ ರಜೆ ಕಳೆಯೋಕೆ ಬಂದ ಸಾಮಾನ್ಯ ಜನರನ್ನ ಹಾಡುಹಗಲಲ್ಲೇ ಫ್ಲ್ಯಾಶ್ ಹಾಕಿ ತೆಗೆದ ಬಣ್ಣದ ಚಿತ್ರಗಳು. ಕೂಲಿಕಾರರನ್ನ ಗೇಲಿ ಮಾಡಿದ್ದಾರೆ ಅಂತ ಆಗ ಬೈಸಿಕೊಂಡ್ರು. ಕೆಲವು ಪುಟಗಳಲ್ಲಿ ನನಗೂ ಹಾಗನ್ನಿಸುತ್ತೆ. ಆದ್ರೆ ಆ ಮಕ್ಕಳ ಮೂತಿಗೆ ಮೆತ್ತಿದ ಐಸ್‌ಕ್ರೀಮೂ ಕಾಣುತ್ತೆ, ಪಕ್ಕದ ಕಸವೂ ಕಾಣುತ್ತೆ. ಅವರು ಎಲ್ಲಿದ್ರು, ಹೇಗಿದ್ರು ಅಂತ ಯಾರನ್ನೂ ಕೇಳಬೇಕಿಲ್ಲ.