ಕುಪ್ಪಳಿಯ ಮನೆ: ಜಗಲಿಯ ಆಚೆ, ಈಚೆ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮೂರಂತಸ್ತಿನ ತೊಟ್ಟಿಮನೆಯನ್ನು ಜೀರ್ಣೋದ್ಧಾರಮಾಡಿ ವಸ್ತುಸಂಗ್ರಹಾಲಯವಾಗಿ ಉಳಿಸಿರುವುದು ಸ್ತುತ್ಯ ಕಾರ್ಯ. ಅದು ಸುಲಭವೂ ಅಲ್ಲ. ಮಲೆನಾಡಿನ ಮಳೆಯಲ್ಲಿ ತೊಲೆ-ಜಂತಿಗಳನ್ನು ಹುಳು ಹಿಡಿಯದಂತೆ ಕಾಯುತ್ತಿದ್ದುದು ಒಲೆಯ ಹೊಗೆ. ಒಲೆ ಆರಿದ ಮನೆಯನ್ನು ಮನುಷ್ಯರೇ ಕಾಯಬೇಕು.

ಕಂಬ, ಉಪ್ಪರಿಗೆ, ಬೇಸಾಯದ ಉಪಕರಣ, ಪಾತ್ರೆಪಡಗಗಳನ್ನೆಲ್ಲ ಕಂಡು ಸಂತೋಷಪಟ್ಟೆ. ಆದರೂ ಆ ಅಚ್ಚುಕಟ್ಟು ನನ್ನನ್ನು ತುಸು ಕಾಡಿತು. ಇಂಥ ಮನೆಗಳಿಗೆ ಅನ್ನವಿತ್ತದ್ದು ಗದ್ದೆ, ಅಡಕೆತೋಟ; ಅವಕ್ಕೆ ಸೊಪ್ಪು-ಗೊಬ್ಬರ ಹೊತ್ತವರು ಯಾರು? 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ಜೀತದಾಳು, ಹೊಲೆಯರವನು. ಹೆಗ್ಗಡೆಯ ಮನೆಯಲ್ಲಿ ಅವನ ಎಡೆ ಅಂಗಳ, ಜಗಲಿ ಅವನದಲ್ಲ. ಅಂಥವನ ಹೆಜ್ಜೆಗಳಿಂದಲೇ ಕುವೆಂಪು ಆ ಬೃಹತ್ ಕಥೆಯನ್ನು ಆರಂಭಿಸಿದರು. ಒರಸಿಟ್ಟ ಕಂಬಗಳು ಈ ಮಾತನ್ನು ಹೇಳಲಾರವು, ಕಾದಂಬರಿ ಹೇಳುತ್ತದೆ.

ಇಂದು ಆ ಜಗಲಿಯನ್ನು ಯಾರ ಜಾತಿಯನ್ನೂ ಕೇಳದೆ ಹತ್ತಗೊಡುತ್ತಾರೆ. ಹೆಂಚು, ಮರಗಳ ದುರಸ್ತಿಗಿಂತ ಇದೇ ದೊಡ್ಡ ಜೀರ್ಣೋದ್ಧಾರವೆಂದು ನನ್ನ ಎಣಿಕೆ. ಆದರೆ ಅದರ ಬೆಲೆ ತಿಳಿಯಬೇಕಾದರೆ ಅಂಗಳದಲ್ಲಿ ನಿಂತವರನ್ನು ಮರೆಯಬಾರದು. ಕುಪ್ಪಳಿಗೆ ಹೊರಟ ವಾಚಕರು ಕಾದಂಬರಿಯನ್ನು ಓದಿಕೊಂಡೇ ಹೋಗಲಿ. ಒಳಹೊಗುವ ಮುನ್ನ ಅಂಗಳದಲ್ಲಿ ಒಂದು ಗಳಿಗೆ ನಿಲ್ಲಲಿ.